ರೂಗರ್ 10/22ರ ಟ್ರಿಗರ್ ಸರಿಮಾಡಿಕೊಂಡಿದ್ದು

ರೂಗರ್ 10/22 ಅಮೆರಿಕದಲ್ಲಿ 1964ರಿಂದ ಬರುತ್ತಿರುವ, ಸಣ್ಣ ಗುಂಡಿನ .22 ರೈಫಲ್. ನನ್ನದರ ಗುರಿಗೆ ತಕರಾರಿಲ್ಲ, ಟ್ರಿಗರ್ ಮಾತ್ರ ಗಡಸು. ಸ್ಪ್ರಿಂಗ್ ತಕ್ಕಡಿ ಹಾಕಿ ಎಳೆದರೆ 6 ಪೌಂಡ್ ತೋರಿಸಿತು. ರೈಫಲ್ ತೂಗುವುದೇ ಸುಮಾರು 5 ಪೌಂಡ್! ಅದಕ್ಕಿಂತ ಕಿರಿಕಿರಿ ಅಂದರೆ ಎಳೆಯುವಾಗ ಬೆರಳಿಗೆ ಸಿಗುವ ಕರಕರ. ಯಾವಾಗ ಬಿಡುತ್ತದೆ ಅಂತಲೇ ಗೊತ್ತಾಗುವುದಿಲ್ಲ.

ಸುಲಭದ ದಾರಿ ರೂಗರ್‌ನವರದೇ ಬಿಎಕ್ಸ್ ಟ್ರಿಗರ್. ಎರಡು ಪಿನ್ ತಳ್ಳಿ ಹಳೆಯ ಯೂನಿಟ್ ಇಳಿಸುವುದು, ಹೊಸದು ಕೂರಿಸುವುದು, ಅಷ್ಟೇ. ಸುಮ್ನೆ ಡಬ್ಬಿ ಹೊಡೆಯುವವರಿಗೆ ಅದೇ ಸಾಕು. ಆದರೆ ಅದು ಬಿಡುವುದು ಎರಡೂವರೆಯಿಂದ 3 ಪೌಂಡಿನೊಳಗೆ. ಅಮೆರಿಕದ ಸಿಎಂಪಿ (ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ) ನಡೆಸುವ, .22 ರೈಫಲ್‌ಗಳ ರಿಮ್‌ಫೈರ್ ಸ್ಪೋರ್ಟರ್ ಸ್ಪರ್ಧೆಯಲ್ಲಿ 3 ಪೌಂಡಿಗಿಂತ ಕಡಿಮೆ ಇರುವಂತಿಲ್ಲ. ನಳಿಗೆ ಮೇಲೆ ಮಾಡಿ, ಟ್ರಿಗರ್‌ಗೆ 3 ಪೌಂಡ್ ಕಲ್ಲು ತೂಗುಹಾಕಿ ಎತ್ತುತ್ತಾರೆ. ಹ್ಯಾಮರ್ (ಟ್ರಿಗರ್ ಎಳೆದಾಗ ಗುಂಡು ಸಿಡಿಸಲು ಬಡಿಯುವ ಭಾಗ) ಬಿತ್ತೋ, ರೈಫಲ್ ಸ್ಪರ್ಧೆಯಿಂದ ಹೊರಗೆ. ಕಿಡ್ ಕಂಪನಿಯ ಟ್ರಿಗರ್ ಯೂನಿಟ್ ಬಹಳ ಚೆನ್ನಾಗಿದೆ, ಬೆಲೆ ಮಾತ್ರ ಹೆಚ್ಚುಕಡಿಮೆ ರೈಫಲಿನದೇ.

ಸಿಯರ್ ಅನ್ನು (ಹ್ಯಾಮರ್ ಬೀಳದಂತೆ ಹಿಡಿದಿಡುವ ಕೊಕ್ಕೆ) ಮನೆಯಲ್ಲೇ ಉಜ್ಜಿ ನಯ ಮಾಡುವವರಿದ್ದಾರೆ. ನನಗೆ ಅದು ಬೇಡ. ಕೋನ ಚೂರು ತಪ್ಪಿದರೂ ಒಂದು ಎಳೆತಕ್ಕೆ ಎರಡು ಗುಂಡು ಹಾರಬಹುದು.

ಹಾಗಾಗಿ ವೋಲ್ಕ್ವಾರ್ಟ್ಸನ್ ಕಂಪನಿಯ ಹ್ಯಾಮರ್ ಒಂದನ್ನೇ ತರಿಸಿದೆ. ಮ್ಯಾಗಝೀನ್ ತೆಗೆದು, ಚೇಂಬರ್ (ಗುಂಡು ಕೂರುವ ಜಾಗ) ಖಾಲಿ ಇದೆ ಅಂತ ಕಣ್ಣಲ್ಲಿ ನೋಡಿ, ಬೆರಳಿಟ್ಟೂ ನೋಡಿದೆ. ಸೇಫ್ಟಿ ಗುಂಡಿ ನಡುವೆ ನಿಲ್ಲಿಸಿದರೆ ಮಾತ್ರ ರೈಫಲಿನ ಯಂತ್ರಭಾಗ ಮರದ ಹಿಡಿಯಿಂದ ಮೇಲೇಳುತ್ತದೆ, ಇಲ್ಲದಿದ್ದರೆ ಎಷ್ಟು ಜಗ್ಗಿದರೂ ಸಿಕ್ಕಿಕೊಳ್ಳುತ್ತದೆ. ಹ್ಯಾಮರ್ ಬದಲಿಸಿದ ಕೂಡಲೇ ಕರಕರ ಹೋಯಿತು, ಗಾಜಿನ ಕಡ್ಡಿ ಮುರಿದ ಹಾಗೆ ಟಕ್ ಅಂತ ಬಿಡತೊಡಗಿತು. ತೂಗಿದರೆ 3ಕ್ಕಿಂತ ಸ್ವಲ್ಪ ಕೆಳಗೆ! ಟ್ರಿಗರ್ ಹಿಂದಿನ ಚಿಕ್ಕ ಸ್ಪ್ರಿಂಗ್ ತೆಗೆದು ಗಟ್ಟಿಯದು ಹಾಕಿದೆ, 3 ದಾಟಿತು. ಅಷ್ಟು ಭಾರ ನನಗೇನೂ ತೊಂದರೆ ಅಲ್ಲ. ನಯವಾಗಿದ್ದರೆ 3 ಪೌಂಡ್ ಜಾಸ್ತಿ ಅನ್ನಿಸುವುದೇ ಇಲ್ಲ. ಯೂನಿಟ್ ವಾಪಸ್ ಕೂರಿಸುವಾಗ ಹ್ಯಾಮರ್ ಹಿಂದಕ್ಕೆ ಮಡಚಿರಬೇಕು, ನೆನಪಿರಲಿ.

ಆಮೇಲೆ ಖಾಲಿ ರೈಫಲ್ ಕಾಕ್ ಮಾಡಿ (ಹ್ಯಾಮರ್ ಹಿಂದಕ್ಕೆ ನಿಲ್ಲಿಸಿ), ಹಿಡಿಯ ಹಿಂಭಾಗಕ್ಕೆ ರಬ್ಬರ್ ಸುತ್ತಿಗೆಯಿಂದ ತಟ್ಟಿದೆ. ಹ್ಯಾಮರ್ ಬೀಳಲಿಲ್ಲ. ಸೇಫ್ಟಿ ಹಾಕಿ ಟ್ರಿಗರ್ ಜೋರಾಗಿ ಎಳೆದೆ, ಆಗಲೂ ಇಲ್ಲ. ರೇಂಜಿನಲ್ಲಿ ಮೊದಲು ಎರಡೆರಡೇ ಗುಂಡು ತುಂಬಿ ಹೊಡೆದು ನೋಡಿದೆ. ಒಂದು ಎಳೆತಕ್ಕೆ ಒಂದೇ ಅಂತ ಖಾತ್ರಿಯಾದ ಮೇಲೆ ಹತ್ತೂ ತುಂಬಿದೆ.