ಚಾಕೊಲೇಟ್ ಸಾಸ್: ಹದ ನೋಡಬೇಕಾದದ್ದು ತಣ್ಣಗಾದ ಮೇಲೆ

ಮನೆಯಲ್ಲಿ ಮಾಡಿದ ಚಾಕೊಲೇಟ್ ಸಾಸ್ ಐಸ್‌ಕ್ರೀಮ್ ಮೇಲೆ ಬಿದ್ದ ಕೂಡಲೇ ಗಟ್ಟಿಯಾಗಿ ಹಲ್ಲಿಗೆ ಅಂಟುತ್ತದೆಯೇ? ಅದು ಕೋಕೋ ಪುಡಿಯ ತಪ್ಪಲ್ಲ, ಒಲೆಯ ಮೇಲಿರುವಾಗಲೇ ದಪ್ಪ ಆಗಲಿ ಎಂದು ಕಾದದ್ದರ ಫಲ. ಬಿಸಿ ಇರುವಾಗ ಸಾಸ್ ನೀರುದೋಸೆ ಹಿಟ್ಟಿಗಿಂತ ಒಂಚೂರು ದಪ್ಪ ಇದ್ದರೆ ಸಾಕು. ಆರಿದ ಮೇಲೆ ಅದು ಉದ್ದಿನದೋಸೆ ಹಿಟ್ಟಿನ ಹದಕ್ಕೆ ತಾನಾಗಿಯೇ ಬರುತ್ತದೆ. ಮಂಗಳೂರಿನ ಸೆಕೆಯಲ್ಲಿ, ಮಳೆಗಾಲದಲ್ಲಿ ಮಾಡಿ ಮಾಡಿ ನನ್ನ ಕೈಗೆ ಕೂತ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೋಕೋ ಪುಡಿ 60 ಗ್ರಾಂ, ಸಕ್ಕರೆ 180 ಗ್ರಾಂ, ಕುದಿಯುವ ನೀರು 200 ಮಿ.ಲೀ., ಲಿಕ್ವಿಡ್ ಗ್ಲೂಕೋಸ್ 1 ದೊಡ್ಡ ಚಮಚ, ಬೆಣ್ಣೆ 20 ಗ್ರಾಂ, ಉಪ್ಪು ಕಾಲು ಚಮಚ, ವೆನಿಲ್ಲಾ ಎಸೆನ್ಸ್ 1 ಸಣ್ಣ ಚಮಚ. ಇಷ್ಟರಲ್ಲಿ ಸುಮಾರು 300 ಮಿ.ಲೀ. ಸಾಸ್ ಆಗುತ್ತದೆ. ಕೋಕೋ ಪುಡಿಯನ್ನು ಮಾತ್ರ ತೂಕ ಮಾಡಿಯೇ ಹಾಕಿ. ಕಪ್ಪಿನಲ್ಲಿ ಒತ್ತಿ ತುಂಬಿದರೆ ಒಂದು ಲೆಕ್ಕ, ಸಡಿಲವಾಗಿ ತುಂಬಿದರೆ ಇನ್ನೊಂದು.

ಡ್ರಿಂಕಿಂಗ್ ಚಾಕೊಲೇಟ್ ಪುಡಿ ಇದಕ್ಕೆ ಆಗುವುದಿಲ್ಲ. ಅದರಲ್ಲಿ ಸಕ್ಕರೆಯೇ ಹೆಚ್ಚು, ಸಾಸ್ ಬರೀ ಸಿಹಿ ಪಾಕವಾಗುತ್ತದೆ. ಪ್ಯಾಕೆಟ್ ಹಿಂದೆ ಅಸಿಡಿಟಿ ರೆಗ್ಯುಲೇಟರ್ 501 ಎಂದಿದ್ದರೆ ಅದು ಆಲ್ಕಲೈಸ್ ಮಾಡಿದ, ಅಂದರೆ ಕ್ಷಾರ ಬೆರೆಸಿ ಹುಳಿ ತಗ್ಗಿಸಿದ ಕೋಕೋ. ಬಣ್ಣ ಗಾಢ, ಹುಳಿ ಕಡಿಮೆ. ನನಗೆ ಸಾಸ್‌ಗೆ ಇದೇ ಹಿಡಿಸುತ್ತದೆ. ತಿಳಿ ಕಂದು ಬಣ್ಣದ ಮಾಮೂಲಿ ಕೋಕೋ ಇದ್ದರೆ ಸಣ್ಣ ಚಿಟಿಕೆ ಅಡುಗೆಸೋಡಾ ಹಾಕಿದರೆ ಬಣ್ಣ ಏರುತ್ತದೆ. ಸೋಡಾ ಜಾಸ್ತಿಯಾದರೆ ಸಾಬೂನಿನ ರುಚಿ ಬರುತ್ತದೆ, ಆಮೇಲೆ ಸರಿಪಡಿಸಲು ಆಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಅಡಿಕೆ ತೋಟದ ನಡುವೆ ಕೋಕೋ ಇರುವವರು ಬಹಳ. ಪುತ್ತೂರಿನ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ ನಡೆಯುತ್ತಿರುವುದೂ 1986ರಿಂದ. ಹಾಗಾಗಿ ತೋಟದ ಬೀಜವನ್ನೇ ಪುಡಿ ಮಾಡಿ ಸಾಸ್ ಮಾಡಬಹುದಲ್ಲ ಎಂದು ಅನ್ನಿಸುವುದು ಸಹಜ. ಆದರೆ ಹಸಿ ಬೀಜವನ್ನು ಕೆಲವು ದಿನ ಹುದುಗಿಸಿ, ಒಣಗಿಸಿ, ಹುರಿಯದೆ ಚಾಕೊಲೇಟ್ ಪರಿಮಳ ಹುಟ್ಟುವುದೇ ಇಲ್ಲ. ಅಷ್ಟೆಲ್ಲ ಮಾಡಿ ಮಿಕ್ಸಿಗೆ ಹಾಕಿದರೂ ಬೀಜದಲ್ಲಿ ಅರ್ಧದಷ್ಟು ಕೊಬ್ಬೇ ಇರುತ್ತದೆ. ಕಾರ್ಖಾನೆಯಲ್ಲಿ ಆ ಕೊಬ್ಬನ್ನು ಹಿಂಡಿ ತೆಗೆದ ಮೇಲೆ ಉಳಿಯುವುದೇ ನಾವು ಕೊಳ್ಳುವ ಪುಡಿ. ಹಿಂಡದ ಬೀಜದ ಸಾಸ್ ಮೇಲೆ ಎಣ್ಣೆ ತೇಲುತ್ತದೆ.

ಮಳೆಗಾಲದಲ್ಲಿ ಕೋಕೋ ಪುಡಿ ಡಬ್ಬಿಯಲ್ಲೇ ಗಂಟು ಕಟ್ಟಿರುತ್ತದೆ, ಜರಡಿ ಹಿಡಿಯಲೇಬೇಕು. ದಪ್ಪ ತಳದ ಪಾತ್ರೆಯಲ್ಲಿ ಪುಡಿಯನ್ನೂ ಸಕ್ಕರೆಯನ್ನೂ ಒಣಗಿರುವಾಗಲೇ ಕಲಸಿ. ಸಕ್ಕರೆ ಹರಳು ಕೋಕೋ ಕಣಗಳ ನಡುವೆ ಕೂತು ಅವನ್ನು ಬಿಡಿಬಿಡಿಯಾಗಿ ಇಡುತ್ತದೆ. ಮೊದಲು ನಾಲ್ಕೈದು ಚಮಚ ಕುದಿನೀರು ಹಾಕಿ, ಹೊಳೆಯುವ ಮುದ್ದೆಯಾಗುವ ತನಕ ಉಜ್ಜಿ. ಆಮೇಲೆ ಉಳಿದ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಒಂದೇ ಸಲಕ್ಕೆ ಸುರಿದರೆ ಹೊರಗೆ ಒದ್ದೆ, ಒಳಗೆ ಒಣ ಪುಡಿ ಇರುವ ಗುಳಿಗೆಗಳಾಗುತ್ತವೆ. ಎಷ್ಟು ಕುದಿಸಿದರೂ ಅವು ಒಡೆಯುವುದಿಲ್ಲ.

ಗ್ಲೂಕೋಸ್, ಉಪ್ಪು ಹಾಕಿ ಮಧ್ಯಮ ಉರಿಗೆ ಇಡಿ. ಕುದಿ ಬಂದಾಗ ಹಾಲಿನ ಹಾಗೆ ಒಮ್ಮೆಲೇ ಉಕ್ಕುತ್ತದೆ, ಪಾತ್ರೆ ಸಾಸ್‌ನ ಮೂರು ಪಟ್ಟು ದೊಡ್ಡದಿರಲಿ. ಉರಿ ತಗ್ಗಿಸಿ, ತಳಕ್ಕೆ ತಾಗುವಂತೆ ಕೈಯಾಡಿಸುತ್ತ 3 ನಿಮಿಷ ಕುದಿಸಿ. ಕೋಕೋದಲ್ಲಿ ಪಿಷ್ಟ ಇದೆ, ಅದು ಬೇಯದಿದ್ದರೆ ಹಸಿ ಪುಡಿಯ ರುಚಿ ನಾಲಗೆಯಲ್ಲಿ ಉಳಿಯುತ್ತದೆ, ಸಾಸ್‌ಗೆ ಮೈಯೂ ಬರುವುದಿಲ್ಲ.

ಹದ ನೋಡಲು ಒಂದು ಸ್ಟೀಲ್ ತಟ್ಟೆಯನ್ನು ಮೊದಲೇ ಫ್ರೀಜರ್‌ನಲ್ಲಿಟ್ಟಿರಿ. ಮೂರು ನಿಮಿಷವಾದಾಗ ಉರಿ ಆರಿಸಿ, ತಟ್ಟೆಗೆ ಒಂದು ಚಮಚ ಸಾಸ್ ಬಿಟ್ಟು, ಅರ್ಧ ನಿಮಿಷ ಕಾದು, ತಟ್ಟೆ ಓರೆ ಮಾಡಿ. ಸರ್ರನೆ ಓಡಿ ಹಿಂದೆ ತೆಳು ನೀರಿನ ಗೆರೆ ಬಿಟ್ಟರೆ ಇನ್ನೊಂದು ನಿಮಿಷ ಬೇಕು. ನಿಧಾನವಾಗಿ ಇಳಿದು, ಬೆರಳಿನಿಂದ ಎಳೆದ ಗೆರೆ ಎರಡು ಮೂರು ಸೆಕೆಂಡಿನಲ್ಲಿ ಮುಚ್ಚಿಕೊಂಡರೆ ಹದ ಸರಿ. ಗೆರೆ ಹಾಗೆಯೇ ನಿಂತರೆ ಪಾಕ ಏರಿದೆ ಎಂದರ್ಥ. ಆಗ ಬಿಸಿನೀರನ್ನು ಒಂದೊಂದೇ ಚಮಚ ಸೇರಿಸಿ ಮತ್ತೆ ಪರೀಕ್ಷಿಸಿ. ಕೊನೆಗೆ ಬೆಣ್ಣೆ, ವೆನಿಲ್ಲಾ. ಬೆಣ್ಣೆಯ ಬದಲು ತೆಂಗಿನೆಣ್ಣೆ ಹಾಕಬೇಡಿ. ಅದು 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುವ ಎಣ್ಣೆ, ಐಸ್‌ಕ್ರೀಮ್ ಮೇಲೆ ಮೇಣದಂತೆ ಕೂರುತ್ತದೆ. ಗಟ್ಟಿ ಚಿಪ್ಪೇ ಬೇಕೆನ್ನುವವರು ಅದಕ್ಕೆಂದೇ ಕರಗಿಸಿದ ಚಾಕೊಲೇಟ್‌ಗೆ ತೆಂಗಿನೆಣ್ಣೆ ಬೆರೆಸುತ್ತಾರೆ, ಅದರ ದಾರಿ ಬೇರೆ.

ನಾಲ್ಕು ದಿನ ಕಳೆದು ಸಾಸ್ ರವೆ ರವೆ ಆಯಿತೆಂದರೆ, ಪಾತ್ರೆಯ ಅಂಚಿಗೆ ಅಂಟಿದ್ದ ಸಕ್ಕರೆ ಹರಳು ಒಳಗೆ ಬಿದ್ದಿರುತ್ತದೆ. ಒಂದು ಹರಳು ಸಾಕು, ಸುತ್ತಲಿನ ಸಕ್ಕರೆಯೂ ಹರಳಾಗತೊಡಗುತ್ತದೆ. ಗ್ಲೂಕೋಸ್ ಹಾಕುವುದು ಇದನ್ನು ತಡೆಯಲಿಕ್ಕೇ. ಜೇನೂ ಆಗುತ್ತದೆ, ಆದರೆ ಅದರ ರುಚಿ ಎದ್ದು ಬರುತ್ತದೆ. ಬಾಟಲಿಗೆ ತುಂಬುವಾಗ ಪಾತ್ರೆಯ ಅಂಚು ಕೆರೆಯಬೇಡಿ. ಸಕ್ಕರೆಯ ಬದಲು ಓಲೆಬೆಲ್ಲ (ತಾಳೆಬೆಲ್ಲ) ಹಾಕಿದರೆ ರುಚಿ ತುಂಬಾ ಚೆನ್ನ. ಅದನ್ನು ನೀರಿನಲ್ಲಿ ಕರಗಿಸಿ, ಕಸ ಮರಳು ಸೋಸಿ, ಉಪ್ಪು ಬಿಟ್ಟುಬಿಡಿ.

ಗಾಜಿನ ಬಾಟಲಿಯನ್ನು ಕುದಿಸಿ, ನೀರಿನ ಪಸೆ ಒಂದಿಷ್ಟೂ ಇಲ್ಲದಂತೆ ಒಣಗಿಸಿ. ಬಿಸಿ ಸಾಸ್ ತುಂಬಿ ತಕ್ಷಣ ಮುಚ್ಚಿದರೆ ಮುಚ್ಚಳದಲ್ಲಿ ಆವಿ ಹನಿಗಟ್ಟಿ ಮೇಲ್ಪದರ ನೀರಾಗುತ್ತದೆ. ಬೂಸ್ಟು ಶುರುವಾಗುವುದು ಅಲ್ಲಿಂದಲೇ. ಶುಭ್ರ ಬಟ್ಟೆ ಹೊದಿಸಿ, ಆರಿದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿಡಿ. ಒಣ ಚಮಚ ಬಳಸಿದರೆ ಮೂರು ವಾರ ಧಾರಾಳವಾಗಿ ಬರುತ್ತದೆ. ನೀರಿನ ಬದಲು ಹಾಲು ಹಾಕಿದ್ದಾದರೆ ಒಂದು ವಾರದೊಳಗೆ, ತೆಂಗಿನಹಾಲಾದರೆ ಮೂರು ದಿನದೊಳಗೆ ಮುಗಿಸಿ.

ಗಡ್‌ಬಡ್ ಐಸ್‌ಕ್ರೀಮ್ ಮಾಡುವ ಉದ್ದ ಗ್ಲಾಸಿನ ಒಳಗೋಡೆಗೆ ಸಾಸ್ ಗೆರೆ ಎಳೆಯುವುದಿದ್ದರೆ ಗ್ಲಾಸನ್ನು ಫ್ರೀಜರ್‌ನಲ್ಲಿಡಬೇಡಿ. ನಮ್ಮ ಕರಾವಳಿಯ ಗಾಳಿಗೆ ತಣ್ಣನೆಯ ಗ್ಲಾಸ್ ಕ್ಷಣದಲ್ಲಿ ಬೆವರುತ್ತದೆ, ಆ ಬೆವರಿನ ಮೇಲೆ ಸಾಸ್ ಜಾರಿ ತಳಕ್ಕೆ ಸೇರುತ್ತದೆ. ಗ್ಲಾಸ್ ಒಣಗಿ ಹೊರಗೇ ಇರಲಿ, ಸಾಸ್ ಫ್ರಿಜ್‌ನಿಂದ ತೆಗೆದದ್ದಿರಲಿ. ಗೆರೆ ಎಳೆದಲ್ಲೇ ನಿಲ್ಲುತ್ತದೆ.