ಘಟ್ಟದ ಗಡಿಗೆ ಹಿತ್ತಲಿಗೆ ಬಂದಾಗ: ಎರೆಮಣ್ಣಿನಲ್ಲಿ ಮಡಕೆ ನೀರಾವರಿ

ನವರಾತ್ರಿಯ ಮೊದಲ ದಿನ ವಿಜಯಪುರ ಸೀಮೆಯ ಅನೇಕ ಮನೆಗಳ ದೇವರ ಜಗುಲಿಯಲ್ಲಿ ಘಟ್ಟ ಹಾಕುತ್ತಾರೆ. ಪತ್ರಾವಳಿ ಅಥವಾ ಬುಟ್ಟಿಯಲ್ಲಿ ಹೊಲದ ಮಣ್ಣು ಹರಡಿ, ಜೋಳ, ಗೋಧಿ, ಕಡಲೆ ಮೊದಲಾದ ಕಾಳುಗಳನ್ನು ಬೆರೆಸಿ, ನಡುವೆ ನೀರು ತುಂಬಿದ ಸಣ್ಣ ಮಣ್ಣಿನ ಗಡಿಗೆಯನ್ನು ಕೂರಿಸಿದರೆ, ಹಬ್ಬ ಮುಗಿಯುವಷ್ಟರಲ್ಲಿ ಅದರ ಸುತ್ತ ಸಸಿಗಳು ಎದ್ದು ನಿಂತಿರುತ್ತವೆ. ಸಸಿ ಎತ್ತರವಾಗಿ, ಒಂದೇ ಸಮನಾಗಿ ಬಂದರೆ ಆ ವರ್ಷದ ಹಿಂಗಾರಿ ಕೈಹಿಡಿಯುತ್ತದೆ ಎಂಬುದು ಹಿರಿಯರ ನಂಬಿಕೆ. ಈ ನಂಬಿಕೆಯಲ್ಲಿ ಒಂದು ಗಟ್ಟಿ ಲೆಕ್ಕಾಚಾರವೂ ಅಡಗಿದೆ: ಹಿಂಗಾರಿ ಬಿತ್ತನೆಯ ಹೊತ್ತಿನಲ್ಲಿ ಮನೆಯಲ್ಲಿ ಕಾಯ್ದಿಟ್ಟ ಬೀಜ ಎಷ್ಟು ಮೊಳೆಯುತ್ತದೆ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಸಿಗಲಾರದು. ಹಿತ್ತಲಿನಲ್ಲಿ ನಾಲ್ಕು ಬದನೆ, ಬೆಂಡೆ ಬೆಳೆಸಬೇಕೆನ್ನುವವರು ಗಮನಿಸಬೇಕಾದ್ದು ಮಾತ್ರ ಬೇರೆಯೇ ಇದೆ. ಗಡಿಗೆಯ ಮೈಯಿಂದ ಜಿನುಗುವ ನೀರು ಸುತ್ತಲಿನ ಮಣ್ಣಿನ ಹಸಿಯನ್ನು ಕಾಯುತ್ತದೆ. ಇದೇ ಗಡಿಗೆಯ ದೊಡ್ಡ ರೂಪವನ್ನು ನೆಲದಲ್ಲಿ ಹೂತರೆ ಅದೇ ಮಡಕೆ ನೀರಾವರಿ.

ಹೊಳಪು ಲೇಪಿಸದ, ಸುಟ್ಟ ಮಣ್ಣಿನ ಗಡಿಗೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಹೊರಗಿನ ಮಣ್ಣು ಒಣಗಿದಂತೆ ಅದು ಗಡಿಗೆಯೊಳಗಿನ ನೀರನ್ನು ಎಳೆದುಕೊಳ್ಳುತ್ತದೆ, ಮಣ್ಣು ಹಸಿಯಾಗಿದ್ದರೆ ಎಳೆತ ಕಡಿಮೆಯಾಗಿ ಜಿನುಗುವಿಕೆ ತಾನಾಗಿಯೇ ನಿಧಾನವಾಗುತ್ತದೆ. ನೆಲದ ಮೇಲ್ಪದರ ಒಣಗಿಯೇ ಇರುವುದರಿಂದ ಬಿಸಿಲಿಗೆ ಹಾರಿಹೋಗುವ ನೀರೂ ಕಡಿಮೆ, ಕಳೆಯೂ ಕಡಿಮೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ, ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವ ಈ ಊರಿಗೆ ಇದು ಹೇಳಿ ಮಾಡಿಸಿದ ಉಪಾಯ. 1651ರಲ್ಲಿ ಮುಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಬೇಗಂ ತಲಾಬಿನಿಂದ ನಗರಕ್ಕೆ ನೀರು ಬಂದದ್ದೂ ಸುಟ್ಟ ಮಣ್ಣಿನ ಕೊಳವೆಗಳಲ್ಲಿಯೇ. ಅಲ್ಲಿ ಕೊಳವೆಯ ಸುತ್ತ ಗಾರೆ ಕಟ್ಟಿ ನೀರನ್ನು ಹಿಡಿದಿಟ್ಟರು, ನಾವಿಲ್ಲಿ ಅದನ್ನು ಜಿನುಗಲು ಬಿಡುತ್ತೇವೆ.

ಗಡಿಗೆಯ ಆಯ್ಕೆ

ನಾಲ್ಕು ಗಿಡಗಳ ಒಂದು ಮಡಿಗೆ ಐದರಿಂದ ಏಳು ಲೀಟರ್ ಹಿಡಿಯುವ, ಹೊಟ್ಟೆ ದುಂಡಗಿರುವ, ಕುತ್ತಿಗೆ ಕಿರಿದಾದ ಗಡಿಗೆ ಸಾಕು. ಬಣ್ಣ ಬಳಿದದ್ದು, ಮೆರುಗು ಹಚ್ಚಿದ್ದು ಬೇಡ, ಏಕೆಂದರೆ ಬಣ್ಣ ರಂಧ್ರಗಳನ್ನು ಮುಚ್ಚುತ್ತದೆ. ತಂದ ಗಡಿಗೆಯನ್ನು ಮುಂಜಾನೆ ನೀರು ತುಂಬಿ ನೆರಳಿನಲ್ಲಿ ಒಣಕಲ್ಲಿನ ಮೇಲಿಡಿ. ಸಂಜೆಯ ಹೊತ್ತಿಗೆ ಹೊರಮೈ ತೇವಗೊಂಡು ತಣ್ಣಗಾಗಿದ್ದರೆ ಅದು ಕೆಲಸಕ್ಕೆ ಬರುತ್ತದೆ. ಕೆಳಗೆ ನೀರು ಮಡುಗಟ್ಟಿದ್ದರೆ ಎಲ್ಲೋ ಬಿರುಕಿದೆ ಎಂದರ್ಥ. ಅಂಥದ್ದನ್ನು ಎಸೆಯಬೇಕಾಗಿಲ್ಲ; ಮಸಿ ಬಳಿದು, ಸುಣ್ಣದ ಬೊಟ್ಟಿಟ್ಟು, ಕೋಲಿಗೆ ಬೋರಲು ಹಾಕಿ ನಿಲ್ಲಿಸಿದರೆ ದೃಷ್ಟಿ ಗಡಿಗೆಯಾಗುತ್ತದೆ. ನೋಡುವವರ ಕಣ್ಣು ಮೊದಲು ಗಡಿಗೆಯ ಮೇಲೆ ಬಿದ್ದು ಬೆಳೆ ಉಳಿಯುತ್ತದೆ ಎಂಬ ನಂಬಿಕೆಗೆ ಖರ್ಚೇನೂ ಇಲ್ಲ.

ಕುಣಿ ಮತ್ತು ಮಣ್ಣು

ಇಡೀ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಬೇರೆ ಕಡೆಯ ಸೂಚನೆಗಳನ್ನು ಓದಿ ಎರೆಮಣ್ಣಿನಲ್ಲಿ ನೇರವಾಗಿ ಗಡಿಗೆ ಹೂಳುವವರಿಗೆ ಬೇಸಿಗೆಯಲ್ಲಿ ಫಲ ಸಿಗುವುದಿಲ್ಲ. ಬಸಾಲ್ಟ್ ಶಿಲೆ ಶಿಥಿಲಗೊಂಡು ಆದ ನಮ್ಮ ಕರಿಮಣ್ಣು ನೀರು ಕುಡಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಕೈ ಇಳಿಯುವಷ್ಟು ಬಿರಿಯುತ್ತದೆ. ಹಿಗ್ಗುವಾಗ ಗಡಿಗೆಯನ್ನು ಒತ್ತಿ ಸೀಳಬಹುದು. ಕುಗ್ಗುವಾಗ ಗಡಿಗೆಗೂ ಮಣ್ಣಿಗೂ ನಡುವೆ ಸಂದು ಬಿದ್ದು, ಜಿನುಗಿದ ನೀರು ಬೇರಿಗೆ ಮುಟ್ಟುವ ದಾರಿಯೇ ತಪ್ಪುತ್ತದೆ.

ಆದ್ದರಿಂದ ಕುಣಿಯನ್ನು ಗಡಿಗೆಗಿಂತ ಬಹಳ ದೊಡ್ಡದಾಗಿ, ಎರಡು ಅಡಿ ಅಗಲ, ಒಂದೂವರೆ ಅಡಿ ಆಳಕ್ಕೆ ತೆಗೆಯಬೇಕು. ದಸರೆ, ದೀಪಾವಳಿಯ ಆಸುಪಾಸಿನಲ್ಲಿ, ಮಣ್ಣು ಕಾಲಿಗೆ ಅಂಟದೆ, ಗುದ್ದಲಿಗೆ ಕಲ್ಲಾಗದೆ ಹದದಲ್ಲಿರುವಾಗ ಅಗೆಯುವುದು ಹಗುರ. ಅಗೆದ ಮಣ್ಣಿನ ಹೆಂಟೆಗಳನ್ನು ಪುಡಿ ಮಾಡಿ, ಅದರ ಎರಡು ಪಾಲಿಗೆ ಒಂದು ಪಾಲು ಜರಡಿ ಹಿಡಿದ ಗರಸು ಅಥವಾ ಮರಳು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ. ಬಾದಾಮಿ ಕಡೆಯ ಕೆಂಪು ಮಸಾರಿ ಮಣ್ಣಿನವರಿಗೆ ಗರಸು ಬೇಕಿಲ್ಲ, ಗೊಬ್ಬರವೇ ಸಾಕು.

ಕುಣಿಯ ತಳಕ್ಕೆ ಒಂದು ಗೇಣು ಮಿಶ್ರಣ ಹಾಕಿ, ಗಡಿಗೆಯ ಬಾಯಿ ನೆಲಮಟ್ಟಕ್ಕಿಂತ ಎರಡು ಬೆರಳು ಮೇಲೆ ಉಳಿಯುವಂತೆ ಕೂರಿಸಿ, ಮೊದಲು ನೀರು ತುಂಬಿ, ಆಮೇಲೆ ಸುತ್ತ ಮಿಶ್ರಣವನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಕೈಯಿಂದ ಒತ್ತುತ್ತ ಬನ್ನಿ. ಎಲ್ಲಿಯೂ ಪೊಳ್ಳು ಉಳಿಯಬಾರದು. ಬಾಯಿಗೆ ಮುಚ್ಚಳ ಕಡ್ಡಾಯ: ತೆರೆದ ಗಡಿಗೆ ಡೆಂಗಿ ಹರಡುವ ಸೊಳ್ಳೆಗೆ ತವರುಮನೆಯಾಗುತ್ತದೆ.

ನಾಟಿ ಮತ್ತು ನೀರು

ಗಡಿಗೆಯ ಹೊಟ್ಟೆಯಿಂದ ನಾಲ್ಕರಿಂದ ಆರು ಅಂಗುಲ ದೂರದಲ್ಲಿ ಬದನೆ, ಮೆಣಸಿನಕಾಯಿ, ಟೊಮೆಟೊ ಅಥವಾ ಬೆಂಡೆಯ ನಾಲ್ಕು ಗಿಡ ನೆಡಬಹುದು. ಹೀರೆ, ಸವತೆಯಾದರೆ ಎರಡೇ ಬಳ್ಳಿ. ಮೆಂತ್ಯ, ರಾಜಗಿರಿ, ಪುಂಡಿಪಲ್ಯವನ್ನು ಗಡಿಗೆಯ ಸುತ್ತ ಉಂಗುರದಂತೆ ಬಿತ್ತಬಹುದು. ಬೇರು ಹಸಿ ಇರುವ ಆಳಕ್ಕೆ ಇಳಿಯುವ ತನಕ, ಅಂದರೆ ಮೊದಲ ಎರಡು ವಾರ, ಮೇಲಿನಿಂದಲೂ ನೀರು ಹಾಕಲೇಬೇಕು. ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಗಡಿಗೆಯಲ್ಲಿ ಒಂದು ಕಡ್ಡಿ ಅದ್ದಿ ನೋಡಿ, ಅರ್ಧಕ್ಕಿಳಿದಿದ್ದರೆ ತುಂಬಿ. ಗಿಡ ದೊಡ್ಡದಾದಂತೆ, ಗಾಳಿ ಒಣಗಿದಂತೆ ಅದು ಬೇಗ ಬರಿದಾಗುತ್ತದೆ. ಪೂರ್ತಿ ಒಣಗಲು ಬಿಟ್ಟರೆ ನೀರಿನೊಳಗಿನ ಲವಣ ರಂಧ್ರಗಳಲ್ಲಿ ಗಟ್ಟಿಯಾಗುತ್ತದೆ. ಮಡಿಯ ಮೇಲೆ ಜೋಳದ ಕಣಿಕೆ ಅಥವಾ ತೊಗರಿ ಹೊಟ್ಟನ್ನು ನಾಲ್ಕು ಬೆರಳು ದಪ್ಪ ಹಾಸಿದರೆ ಮಣ್ಣು ಬಿರಿಯುವುದೂ ತಪ್ಪುತ್ತದೆ.

ಬೆಂಡೆ, ಬದನೆಗೆ ಹೇನು ಹತ್ತಿದರೆ ಬೇವಿನ ಬೀಜದ ಕಷಾಯ ಸಾಕು. ಒಂದು ಲೀಟರ್ ನೀರಿಗೆ 50 ಗ್ರಾಂ ಬೀಜದ ತಿರುಳಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೆನೆಸಿ, ಮುಂಜಾನೆ ಹಿಂಡಿ ಸೋಸಿ, ಚಿಟಿಕೆ ಸಾಬೂನು ಪುಡಿ ಬೆರೆಸಿ, ಸಂಜೆಯ ತಂಪಿನಲ್ಲಿ ಎಲೆಯ ಕೆಳಬದಿಗೂ ತಾಗುವಂತೆ ಸಿಂಪಡಿಸಬೇಕು.

ಬಳಿಯಲ್ಲಿ ಏನು ಬೇಡ

ಮನೆಯ ಮುಂದೆ ನುಗ್ಗೆ ಹಚ್ಚಬಾರದು ಎನ್ನುತ್ತಾರೆ. ಅಪಶಕುನದ ಮಾತನ್ನು ಬದಿಗಿಟ್ಟರೂ, ಅದರ ಕೊಂಬೆ ಗಾಳಿಗೆ ಥಟ್ಟನೆ ಮುರಿಯುತ್ತದೆ, ಕಾಂಡಕ್ಕೆ ಕಂಬಳಿಹುಳು ಗುಂಪಾಗಿ ಹತ್ತುತ್ತದೆ. ಇವೆರಡೂ ಬಾಗಿಲ ಬಳಿ ಬೇಡವಾದ ಸಂಗತಿಗಳೇ. ಗಡಿಗೆಯ ಬಳಿಯಂತೂ ನುಗ್ಗೆ ಖಂಡಿತ ಬೇಡ, ದಪ್ಪ ಬೇರು ಅದನ್ನು ಒಡೆಯುತ್ತದೆ. ಇಂಡಿ ತಾಲ್ಲೂಕಿನ ಹೆಸರು ಬೆಳಗಿಸಿದ ಲಿಂಬೆಯನ್ನು ಹಿತ್ತಲಿಗೆ ತರುವವರು ಎಳೆಯ ಸಸಿ ಬೇರೂರುವವರೆಗೆ ಮಾತ್ರ ಗಡಿಗೆಯನ್ನು ಆಸರೆಯಾಗಿಟ್ಟು, ನಂತರ ಅದನ್ನು ಕಿತ್ತು ತರಕಾರಿ ಮಡಿಗೆ ಒಯ್ಯಬಹುದು.

ಕಿತ್ತ ಗಡಿಗೆಯ ಹೊರಮೈಯಲ್ಲಿ ಬಿಳಿ ಪದರ ಕಂಡರೆ ಅದು ಕೊಳವೆಬಾವಿಯ ಗಡಸು ನೀರಿನ ಸುಣ್ಣ. ಲಿಂಬೆರಸ ಅಥವಾ ಹುಣಸೆಹುಳಿ ಕಲಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ ತೆಂಗಿನ ನಾರಿನಿಂದ ತಿಕ್ಕಿದರೆ ರಂಧ್ರಗಳು ಬಹಳ ಮಟ್ಟಿಗೆ ತೆರೆಯುತ್ತವೆ. ಮಡಿಯ ಅಂಚಿನಲ್ಲಿ ಕೂತ ಉಪ್ಪನ್ನು ಮುಂಗಾರು ಮಳೆಯೇ ಕೆಳಗಿಳಿಸುತ್ತದೆ, ಆ ತಿಂಗಳುಗಳಲ್ಲಿ ಗಡಿಗೆ ತುಂಬುವ ಕೆಲಸವಿಲ್ಲ. ಮಳೆ ಹಿಡಿದಾಗ ಎರೆಮಣ್ಣು ತಾನೇ ಹಿಗ್ಗಿ ಒತ್ತುವುದರಿಂದ, ಗಡಿಗೆಯನ್ನು ಮೇಲೆತ್ತಿ ತೊಳೆದು ಒಣಗಿಸಿ ಒಳಗಿಟ್ಟು, ಕುಣಿಯನ್ನು ಅದೇ ಮಿಶ್ರಣದಿಂದ ಮುಚ್ಚಿಬಿಡುವುದು ಉತ್ತಮ.