ನಿಯೋವಿಮ್‌ನಲ್ಲಿ ಪೈತಾನ್: ಕೆಂಪು ಗೆರೆಗಳ ಕಾಟ ತಪ್ಪಿಸಿಕೊಂಡಿದ್ದು

ನಾನು ಕೋಡ್ ಬರೆಯೋದು ನಿಯೋವಿಮ್ ಅನ್ನೋ ಎಡಿಟರಿನಲ್ಲಿ. 2025ರ ಮಾರ್ಚ್‌ನಲ್ಲಿ ಅದರ 0.11 ಆವೃತ್ತಿ ಬಂತು. ಅದನ್ನು ಹಾಕಿಕೊಂಡ ಮೇಲೆ ಒಂದು ಭಾನುವಾರ ಕೂತು ಹಳೇ ಕಾನ್ಫಿಗ್, ಅಂದರೆ ಸೆಟ್ಟಿಂಗ್‌ಗಳನ್ನೆಲ್ಲ, ಪೂರ್ತಿ ಅಳಿಸಿದೆ. ಅಲ್ಲಿ ಇಲ್ಲಿ ಕಾಪಿ ಹೊಡೆದು ಕೂಡಿಸಿದ್ದ ಸಾಲುಗಳು. ಅರ್ಧ ಯಾಕಿವೆ ಅಂತ ನನಗೇ ಗೊತ್ತಿರಲಿಲ್ಲ.

ಕೋಡ್ ಓದಿ ತಪ್ಪು ತೋರಿಸೋದು, ವಿವರಣೆ ಕೊಡೋದು, ಇಂಥ ಕೆಲಸಕ್ಕೆ ಎಡಿಟರಿನ ಜೊತೆ ಓಡುವ ಪ್ರೋಗ್ರಾಂಗೆ ಲ್ಯಾಂಗ್ವೇಜ್ ಸರ್ವರ್ ಅಂತಾರೆ; ಇಬ್ಬರೂ ಮಾತಾಡುವ ರೀತಿಗೆ ಎಲ್‌ಎಸ್‌ಪಿ ಅಂತ ಹೆಸರು. ಈಗ ಎಲ್‌ಎಸ್‌ಪಿ ಅನ್ನೋ ಫೋಲ್ಡರಿನಲ್ಲಿ ಸರ್ವರಿಗೊಂದು ಪುಟ್ಟ ಫೈಲನ್ನು ಲೂವಾ ಭಾಷೆಯಲ್ಲಿ ಬರೆದಿಟ್ಟರೆ ಸಾಕು. ಸರ್ವರ್ ಓಡಿಸುವ ಕಮಾಂಡ್ ಯಾವುದು, ಯಾವ ಬಗೆಯ ಫೈಲಿಗೆ, ಪ್ರಾಜೆಕ್ಟಿನ ರೂಟ್ (ಮೂಲ ಫೋಲ್ಡರ್) ಗುರುತಿಸೋದು ಹೇಗೆ, ಇಷ್ಟು ಅದರಲ್ಲಿರಬೇಕು. ಮುಖ್ಯ ಕಾನ್ಫಿಗ್‌ನಲ್ಲಿ ಎನೇಬಲ್ ಮಾಡುವ ಸಾಲು ಒಂದೇ. ಕೋಡಿನಲ್ಲಿರೋ ಹೆಸರು ಬದಲಿಸೋದಕ್ಕೆ ಜಿ, ಆರ್, ಎನ್ ಒತ್ತಿದರಾಯಿತು, ಆ ಶಾರ್ಟ್‌ಕಟ್ ನಿಯೋವಿಮ್‌ನಲ್ಲೇ ಬರುತ್ತದೆ. ನಾನು ಬರೆದಿದ್ದ ಶಾರ್ಟ್‌ಕಟ್‌ಗಳಲ್ಲಿ ಮುಕ್ಕಾಲು ಪಾಲು ಸುಮ್ನೆ ದಂಡ.

ಮೊದಲು ಪೈತಾನ್ ಕೋಡ್ ಪರೀಕ್ಷಿಸುವ ಪೈರೈಟ್ ಅನ್ನೋ ಸರ್ವರ್ ಹಾಕಿದೆ. ಫೈಲ್ ತೆರೆದರೆ ಇಂಪೋರ್ಟ್ ಸಾಲುಗಳ ಕೆಳಗೆಲ್ಲ ಕೆಂಪು ಗೆರೆ! ಪ್ರೋಗ್ರಾಂ ಮಾತ್ರ ಚೆನ್ನಾಗೇ ಓಡುತ್ತಿತ್ತು. ಗಂಟೆಗಟ್ಟಲೆ ಲೂವಾ ಫೈಲಿನಲ್ಲೇ ತಪ್ಪು ಹುಡುಕಿದೆ. ತಪ್ಪು ಅಲ್ಲಿರಲೇ ಇಲ್ಲ. ಪ್ಯಾಕೇಜುಗಳಿದ್ದದ್ದು ಪ್ರಾಜೆಕ್ಟಿನ ವರ್ಚುವಲ್ ಎನ್ವಿರಾನ್‌ಮೆಂಟ್ (ಆ ಪ್ರಾಜೆಕ್ಟಿಗೇ ಮೀಸಲಾದ ಪೈತಾನ್ ಫೋಲ್ಡರ್) ಒಳಗೆ, ಸರ್ವರ್ ನೋಡುತ್ತಿದ್ದದ್ದು ಸಿಸ್ಟಮ್ಮಿನ ಪೈತಾನ್. ಪೈರೈಟ್‌ನ ಜೇಸನ್ ಸೆಟ್ಟಿಂಗ್ ಫೈಲಿನಲ್ಲಿ ಆ ಫೋಲ್ಡರಿನ ಜಾಗ ಮತ್ತು ಹೆಸರು ಬರೆದು ಎಡಿಟರ್ ಮುಚ್ಚಿ ತೆರೆದೆ. ಗೆರೆಗಳು ಮಾಯ.

ಲಿಂಟಿಂಗಿಗೆ, ಅಂದರೆ ಕೋಡಿನ ಸಣ್ಣಪುಟ್ಟ ತಪ್ಪು, ಶೈಲಿ ನೋಡೋಕೆ, ರಫ್ ಅನ್ನೋ ಇನ್ನೊಂದು ಸರ್ವರ್ ಸೇರಿಸಿದೆ. ಆದರೆ ಕೆ ಒತ್ತಿ ವಿವರಣೆ ನೋಡೋಕೆ ಹೋದರೆ ಇಬ್ಬರೂ ಉತ್ತರ ಕೊಡೋಕೆ ನಿಲ್ಲುತ್ತಾರೆ. ಅದು ಪೈರೈಟ್‌ನ ಕೆಲಸ. ಹಾಗಾಗಿ ಸರ್ವರ್ ಫೈಲಿಗೆ ಅಂಟಿಕೊಂಡ ಕೂಡಲೇ ರಫ್‌ನ ಹೋವರ್ (ಈ ವಿವರಣೆ ತೋರಿಸೋ ಸೌಲಭ್ಯ) ಆಫ್ ಮಾಡಿದೆ.

ಕೊನೆಗೆ ಎಲ್ಲ ಸರಿಯಿದೆಯಾ ಅಂತ ನೋಡುವ ನಿಯೋವಿಮ್ ಕಮಾಂಡ್ ಚೆಕ್‌ಹೆಲ್ತ್ ಓಡಿಸಿದಾಗ ಒಂದು ಎಚ್ಚರಿಕೆ ಬಂತು: ಒಂದೇ ಫೈಲಿಗೆ ಅಂಟಿಕೊಂಡ ಎರಡು ಸರ್ವರುಗಳು ಸಾಲಿನೊಳಗಿನ ಜಾಗವನ್ನು ಬೇರೆಬೇರೆ ಥರ ಎಣಿಸುತ್ತಿವೆ. ಪೈರೈಟ್‌ನದು ಯುಟಿಎಫ್-16, ರಫ್‌ನದು ಯುಟಿಎಫ್-8; ಎರಡೂ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ವಿಧಾನಗಳು. ಇಂಗ್ಲಿಷ್ ಅಕ್ಷರಗಳಷ್ಟೇ ಇದ್ದರೆ ಎರಡೂ ಲೆಕ್ಕ ಒಂದೇ, ಗೊತ್ತೂ ಆಗೋಲ್ಲ. ನನ್ನ ಕೋಡಿನಲ್ಲಿ ಕನ್ನಡ ಸ್ಟ್ರಿಂಗ್‌ಗಳೇ ಜಾಸ್ತಿ ಅಲ್ವಾ? 'ಕನ್ನಡ' ಅನ್ನೋ ಪದ ಕಣ್ಣಿಗೆ ಮೂರಕ್ಷರ. ಒತ್ತಕ್ಷರದ ವಿರಾಮವನ್ನೂ ಸೇರಿಸಿ ಯುಟಿಎಫ್-16ರಲ್ಲಿ ಅದು 5 ಯೂನಿಟ್, ಯುಟಿಎಫ್-8ರಲ್ಲಿ 15 ಬೈಟ್. ಅಂದರೆ ಆ ಪದ ದಾಟಿದ ಮೇಲೆ ಇಬ್ಬರ ಲೆಕ್ಕಕ್ಕೂ 10 ಅಂಕಿ ವ್ಯತ್ಯಾಸ. ರಫ್‌ನ ಲೂವಾ ಫೈಲಿನಲ್ಲಿ ಯುಟಿಎಫ್-16 ಒಂದನ್ನೇ ಕೊಟ್ಟೆ. ಚೆಕ್‌ಹೆಲ್ತ್ ಮತ್ತೆ ಓಡಿಸಿದೆ, ಆ ಎಚ್ಚರಿಕೆ ಇರಲಿಲ್ಲ.